ಎಸ್‌ಕ್ಯೂಲೈಟ್ ಕಡತಕ್ಕೆ ಸಿ ಪ್ರೋಗ್ರಾಂನಿಂದ ಬೀಗ ಹಾಕುವುದು ಮತ್ತು ತೆಗೆಯುವುದು: ರೀಡ್‌ಓನ್ಲಿ ಯಾಕೆ ಮಾತು ಕೇಳುತ್ತಿಲ್ಲ?

ಹಾಲುಲೆಕ್ಕ

ಎಲ್ಲರಿಗೂ ನಮಸ್ಕಾರ. ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ ನಾನು ಸಿ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಂ ಒಂದನ್ನು ಬರೆದು ಕೊಟ್ಟಿದ್ದೇನೆ. ಬೆಳಗ್ಗೆ ಮತ್ತು ಸಂಜೆ ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ದರ ಎಷ್ಟು ಕೂತಿತು ಎಂಬುದೆಲ್ಲ ಎಸ್‌ಕ್ಯೂಲೈಟ್ (ಇಡೀ ಡೇಟಾಬೇಸನ್ನು ಒಂದೇ ಕಡತದಲ್ಲಿ ಇಡುವ ಲೈಬ್ರರಿ) ಡೇಟಾಬೇಸಿಗೆ ಸೇರುತ್ತದೆ. ಒಂದು ಆರ್ಥಿಕ ವರ್ಷಕ್ಕೆ ಒಂದು ಕಡತ. ಕಂಪ್ಯೂಟರ್ ಲಿನಕ್ಸ್‌ನದು, ಅದನ್ನು ಬಳಸುವವರು ಕಾರ್ಯದರ್ಶಿ ಮತ್ತು ಹಾಲು ಅಳೆಯುವ ಹುಡುಗ, ಇಬ್ಬರೇ.

ಆಡಿಟ್ ಮುಗಿದ ವರ್ಷದ ಕಡತಕ್ಕೆ ಯಾರೂ ಕೈ ಹಾಕಬಾರದು. ಆಡಿಟರ್ ಏನಾದರೂ ತಿದ್ದುಪಡಿ ಹೇಳಿದರೆ ಕಾರ್ಯದರ್ಶಿಯವರು ಪಾಸ್‌ವರ್ಡ್ ಕೊಟ್ಟು ಬೀಗ ತೆಗೆದು, ತಿದ್ದಿ, ಮತ್ತೆ ಬೀಗ ಹಾಕಬೇಕು. ಇದಕ್ಕಾಗಿ ‘ವರ್ಷ ಮುಚ್ಚು’ ಎಂಬ ಗುಂಡಿಯನ್ನು ಒತ್ತಿದಾಗ ಸಿಎಚ್‌ಮಾಡ್ ಕರೆಯಿಂದ ಕಡತದ ಅನುಮತಿಯನ್ನು 0444 (ಎಲ್ಲರಿಗೂ ಓದಲು ಮಾತ್ರ) ಮಾಡುತ್ತೇನೆ, ‘ವರ್ಷ ತೆರೆ’ ಎಂಬುದನ್ನು ಒತ್ತಿದಾಗ 0644 (ಒಡೆಯರು ಬರೆಯಲೂಬಹುದು) ಮಾಡುತ್ತೇನೆ. ಆದರೆ ಆಗುತ್ತಿರುವುದು ಪೂರ್ತಿ ಉಲ್ಟಾ. ಬೀಗ ಹಾಕಿದ ಮೇಲೂ ಅದೇ ಪರದೆಯಿಂದ ದಾಖಲೆಗಳು ಸಲೀಸಾಗಿ ಸೇರುತ್ತವೆ. ಮರುದಿನ ಪ್ರೋಗ್ರಾಂ ತೆರೆದು ಬೀಗ ತೆಗೆದರೆ, ಅನುಮತಿ 0644 ಎಂದು ಕಣ್ಣಿಗೆ ಕಾಣುತ್ತಿದ್ದರೂ, ರೀಡ್‌ಓನ್ಲಿ (ಓದಲು ಮಾತ್ರ) ಡೇಟಾಬೇಸಿಗೆ ಬರೆಯುವ ಪ್ರಯತ್ನ ಎಂಬ 8ನೆಯ ಸಂಖ್ಯೆಯ ದೋಷ ಬರುತ್ತದೆ. ಡಿಬಿ_ಕಾನ್ಫಿಗ್ ಎಂಬ ಫಂಕ್ಷನ್ನಿನ ಆಯ್ಕೆಗಳನ್ನೆಲ್ಲ ಓದಿದೆ, ರೈಟ್ ಪ್ರೊಟೆಕ್ಷನ್ ಎಂಬುದು ಎಲ್ಲೂ ಸಿಗಲಿಲ್ಲ. ತೆರೆದಿರುವ ಕನೆಕ್ಷನ್ನನ್ನು (ಪ್ರೋಗ್ರಾಂ ಮತ್ತು ಕಡತದ ನಡುವಿನ ಕೊಂಡಿಯನ್ನು) ಮುಚ್ಚದೆಯೇ ಇದನ್ನು ಬದಲಿಸುವ ಕರೆ ಯಾವುದಾದರೂ ಇದೆಯೇ?

ಕಡತಗಾಹಿ

ಎರಡು ತೊಂದರೆಗಳೆಂದು ನೀವು ಬರೆದಿರುವುದು ನಿಜಕ್ಕೂ ಒಂದೇ ತೊಂದರೆ. ಮೊದಲೇ ಹೇಳಿಬಿಡುತ್ತೇನೆ: ಈ ಲೈಬ್ರರಿಯ ಎಲ್ಲ ಫಂಕ್ಷನ್ನುಗಳ ಹೆಸರಿನ ಆರಂಭದಲ್ಲಿ ‘ಎಸ್‌ಕ್ಯೂಲೈಟ್3_’ ಎಂದಿರುತ್ತದೆ, ಪ್ರತಿ ಸಲವೂ ಅದನ್ನು ಬರೆಯುವ ಶ್ರಮ ಬೇಡವೆಂದು ಬಿಟ್ಟು ಬರೆಯುತ್ತೇನೆ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತಕ್ಕೆ ಬರೆಯಬಹುದೇ ಇಲ್ಲವೇ ಎಂಬ ಪರಿಶೀಲನೆ ನಡೆಯುವುದು ಕಡತವನ್ನು ತೆರೆಯುವ ಕ್ಷಣದಲ್ಲಿ, ಪ್ರತಿ ಸಲ ಬರೆಯುವಾಗಲಲ್ಲ. ಬಾಗಿಲಲ್ಲಿ ಟಿಕೆಟ್ ಹರಿಸಿಕೊಂಡು ಒಳಗೆ ಕೂತವನನ್ನು, ಆಮೇಲೆ ಟಿಕೆಟ್ ಕಿಟಕಿ ಮುಚ್ಚಿದರೂ, ಯಾರೂ ಎಬ್ಬಿಸುವುದಿಲ್ಲ. ನಿಮ್ಮ ಕನೆಕ್ಷನ್ ಓದುವ ಮತ್ತು ಬರೆಯುವ ಹಕ್ಕಿನೊಂದಿಗೆ ಆಗಲೇ ಒಳಗೆ ಕೂತಿರುವುದರಿಂದ, ಆಮೇಲೆ ಮಾಡಿದ 0444 ಅದನ್ನು ತಾಗುವುದೇ ಇಲ್ಲ.

ಮರುದಿನದ ಕಥೆಯಲ್ಲಿ ಇನ್ನೊಂದು ತಿರುವಿದೆ. ಓಪನ್_ವಿ2 ಫಂಕ್ಷನ್ನಿಗೆ ರೀಡ್‌ರೈಟ್ ಫ್ಲ್ಯಾಗ್ ಕೊಟ್ಟು ತೆರೆದಾಗ ಕಡತ ಬರಹಕ್ಕೆ ಮುಚ್ಚಿದ್ದರೆ ಎಸ್‌ಕ್ಯೂಲೈಟ್ ದೋಷ ತೋರಿಸುವುದಿಲ್ಲ, ಸದ್ದಿಲ್ಲದೆ ರೀಡ್‌ಓನ್ಲಿಯಾಗಿ ತೆರೆದು ‘ಓಕೆ’ ಎನ್ನುತ್ತದೆ. ಹಳೆಯ ಕಾಲದಿಂದ ಉಳಿದುಕೊಂಡು ಬಂದಿರುವ ನಡವಳಿಕೆ ಇದು, ದಾಖಲಾತಿಯಲ್ಲೂ ಹಾಗೆಂದೇ ಇದೆ. ಫ್ಲ್ಯಾಗ್ ಇಲ್ಲದ ಸಾದಾ ಓಪನ್ ಫಂಕ್ಷನ್ ಬಳಸಿದ್ದರೂ ಆಗುವುದು ಇದೇ. ಹಾಗಾಗಿ ಮುಂಜಾನೆ 0444 ಇದ್ದಾಗ ಪ್ರೋಗ್ರಾಂ ತೆರೆದುಕೊಂಡ ಕನೆಕ್ಷನ್ ಸಾಯುವ ತನಕ ರೀಡ್‌ಓನ್ಲಿಯೇ, ಹೊರಗೆ ನೀವು 0644 ಮಾಡಿದ ಸುದ್ದಿ ಅದಕ್ಕೆ ತಲುಪುವುದಿಲ್ಲ. ನಿಜವಾಗಿ ಯಾವ ಸ್ಥಿತಿಯಲ್ಲಿ ತೆರೆದಿದೆ ಎಂದು ತಿಳಿಯಲು ಡಿಬಿ_ರೀಡ್‌ಓನ್ಲಿ ಎಂಬ ಫಂಕ್ಷನ್ ಇದೆ. ಅದಕ್ಕೆ ಕನೆಕ್ಷನ್ನನ್ನೂ ‘ಮೇನ್’ ಎಂಬ ಹೆಸರನ್ನೂ ಕೊಟ್ಟರೆ ರೀಡ್‌ಓನ್ಲಿ ಇದ್ದಲ್ಲಿ 1, ಬರೆಯಬಹುದಾಗಿದ್ದಲ್ಲಿ 0, ಆ ಹೆಸರಿನ ಡೇಟಾಬೇಸೇ ಇಲ್ಲದಿದ್ದಲ್ಲಿ -1 ಕೊಡುತ್ತದೆ. ಕಡತ ತೆರೆದ ಮರುಸಾಲಿನಲ್ಲೇ ಇದನ್ನು ಕೇಳುವ ಅಭ್ಯಾಸವಿದ್ದಿದ್ದರೆ ನಿಮ್ಮ ಎರಡನೆಯ ತೊಂದರೆ ಅಂದೇ ಬಯಲಾಗುತ್ತಿತ್ತು.

ಡಿಬಿ_ಕಾನ್ಫಿಗ್‌ನಲ್ಲಿ ಹುಡುಕಿ ಫಲವಿಲ್ಲ. ಅಲ್ಲಿರುವ ‘ಡಿಫೆನ್ಸಿವ್’ ಎಂಬ ಆಯ್ಕೆಯನ್ನು ನೋಡಿ ಕೆಲವರು ಮೋಸ ಹೋಗುತ್ತಾರೆ. 2018ರ ಡಿಸೆಂಬರಿನಲ್ಲಿ 3.26.0 ಆವೃತ್ತಿಯೊಂದಿಗೆ ಬಂದ ಆ ಆಯ್ಕೆ, ಸ್ಕೀಮಾ ಕೋಷ್ಟಕವನ್ನು ನೇರವಾಗಿ ತಿದ್ದುವಂತಹ, ಕಡತವನ್ನೇ ಕೆಡಿಸಬಲ್ಲ ಚೇಷ್ಟೆಗಳನ್ನು ತಡೆಯುತ್ತದೆಯೇ ಹೊರತು ಸಾಮಾನ್ಯ ಇನ್ಸರ್ಟ್, ಅಪ್‌ಡೇಟ್‌ಗಳನ್ನಲ್ಲ. ನಿಮಗೆ ಬೇಕಾದ ಕ್ರಮ ಇಷ್ಟು: ಕನೆಕ್ಷನ್ ಮುಚ್ಚಿ, ಅನುಮತಿ ಬದಲಿಸಿ, ಮತ್ತೆ ತೆರೆಯಿರಿ.

ನದಿಮೂಲ

ಮುಚ್ಚದೆಯೇ ಆಗಬೇಕೆಂದು ಅವರು ಕೇಳಿದ್ದಾರೆ. ಹಾಗಿದ್ದರೆ ‘ಪ್ರಾಗ್ಮಾ ಕ್ವೆರಿ_ಓನ್ಲಿ’ ಎಂಬ ಸೆಟ್ಟಿಂಗ್ ಆಜ್ಞೆ ಇದೆಯಲ್ಲ? ಆನ್ ಎಂದರೆ ಆ ಕನೆಕ್ಷನ್ನಿನಲ್ಲಿ ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಕ್ರಿಯೇಟ್, ಡ್ರಾಪ್ ಎಲ್ಲವೂ ಅದೇ 8ರ ದೋಷದೊಂದಿಗೆ ಹಿಂತಿರುಗುತ್ತವೆ. ಆಫ್ ಎಂದರೆ ಮತ್ತೆ ನಡೆಯುತ್ತವೆ. ಒಂದೇ ಸಾಲಿನ ಕೆಲಸ.

ಕಡತಗಾಹಿ

ಇದೆ, ಒಳ್ಳೆಯದೂ ಹೌದು, ಆದರೆ ಅದು ಕನೆಕ್ಷನ್ನಿಗೆ ಕಟ್ಟಿದ ಬೀಗ, ಕಡತಕ್ಕೆ ಕಟ್ಟಿದ್ದಲ್ಲ. ಪ್ರೋಗ್ರಾಂ ಮುಚ್ಚಿ ತೆರೆದರೆ ಬೀಗ ಮಾಯ. ಆನ್ ಇದ್ದಾಗಲೂ ಚೆಕ್‌ಪಾಯಿಂಟ್ (ಪಕ್ಕದ ಕಡತದಲ್ಲಿ ಕಾದಿರುವ ಬರಹವನ್ನು ಮುಖ್ಯ ಕಡತಕ್ಕೆ ಇಳಿಸುವುದು) ಮತ್ತು ಕಮಿಟ್ (ಬದಲಾವಣೆಗಳನ್ನು ಖಾಯಂ ಮಾಡುವುದು) ನಡೆಯಬಹುದು ಎಂದು ದಾಖಲಾತಿಯೇ ಎಚ್ಚರಿಸುತ್ತದೆ, ಅಂದರೆ ಕಡತದ ಬೈಟುಗಳು ಬದಲಾಗುವುದೇ ಇಲ್ಲವೆಂಬ ಭರವಸೆ ಇಲ್ಲ. ಡಿಬಿ_ರೀಡ್‌ಓನ್ಲಿ ಕೊಡುವ ಉತ್ತರವೂ ಇದರಿಂದ ಬದಲಾಗುವುದಿಲ್ಲ. ಹುಡುಗ ತಪ್ಪಿ ಹಳೆಯ ವರ್ಷದ ಪರದೆಯಲ್ಲಿ ಇಂದಿನ ಹಾಲು ಬರೆಯದಿರಲಿ ಎಂಬುದಷ್ಟೇ ಉದ್ದೇಶವಾದರೆ ಸಾಕು. ಆಡಿಟ್ ಆದ ಕಡತವನ್ನು ಕಾಯಲು ಸಾಲದು.

ಹಾಲುಲೆಕ್ಕ

ಕಡತಗಾಹಿಯವರೇ, ಟಿಕೆಟ್ಟಿನ ಹೋಲಿಕೆಯಿಂದ ಎಲ್ಲವೂ ಸ್ಪಷ್ಟವಾಯಿತು. ಆದರೆ ಮುಚ್ಚಿ ತೆರೆಯುವ ಕ್ರಮವನ್ನು ಅಳವಡಿಸಿದ ಮೇಲೆ ಹೊಸದೊಂದು ವಿಚಿತ್ರ ಎದುರಾಗಿದೆ. ಮೊದಲು ಕ್ಲೋಸ್ ಫಂಕ್ಷನ್ ಕರೆದೆ, ಅದು 5 ಎಂಬ ‘ಬ್ಯುಸಿ’ ಉತ್ತರ ಕೊಟ್ಟಿತು. ಹುಡುಕಿದಾಗ ಕ್ಲೋಸ್_ವಿ2 ಎಂಬುದು ಸಿಕ್ಕಿತು, ಅದು ಯಾವ ತಕರಾರೂ ಇಲ್ಲದೆ ‘ಓಕೆ’ ಎಂದಿತು. ಆಮೇಲೆ 0444 ಮಾಡಿ, ಮತ್ತೆ ತೆರೆದು, ಡಿಬಿ_ರೀಡ್‌ಓನ್ಲಿ ಕೇಳಿದರೆ 1 ಎಂದೇ ಬರುತ್ತಿದೆ. ಇಷ್ಟಾದರೂ ‘ಉಳಿಸು’ ಗುಂಡಿ ಒತ್ತಿದರೆ ದಾಖಲೆ ಕಡತಕ್ಕೆ ಸೇರುತ್ತದೆ! ರೀಡ್‌ಓನ್ಲಿ ಎಂದು ತಾನೇ ಹೇಳಿಕೊಂಡ ಕನೆಕ್ಷನ್ ಬರೆಯುತ್ತಿರುವುದು ಹೇಗೆ?

ಕಡತಗಾಹಿ

ಬರೆಯುತ್ತಿರುವುದು ಆ ಕನೆಕ್ಷನ್ ಅಲ್ಲ, ಸತ್ತಿತೆಂದು ನೀವು ಭಾವಿಸಿರುವ ಹಳೆಯದು. ಒಂದು ಊಹೆ ಮಾಡುತ್ತೇನೆ: ಇನ್ಸರ್ಟ್ ಸ್ಟೇಟ್‌ಮೆಂಟನ್ನು ಪ್ರೋಗ್ರಾಂ ಆರಂಭವಾದಾಗ ಒಮ್ಮೆ ಪ್ರಿಪೇರ್ ಮಾಡಿ (ಓಡಲು ಸಿದ್ಧಗೊಳಿಸಿ), ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಪ್ರತಿ ಸಲವೂ ರೀಸೆಟ್ ಮಾಡಿ ಬಳಸುತ್ತಿದ್ದೀರಿ.

ಕ್ಲೋಸ್ 5 ಎಂದು ಹೇಳಿದ್ದು ಅದಕ್ಕೇ. ಫೈನಲೈಸ್ ಆಗದ, ಅಂದರೆ ಕೆಲಸ ಮುಗಿಸಿ ಬಿಡುಗಡೆ ಮಾಡದ, ಸ್ಟೇಟ್‌ಮೆಂಟ್ ಇರುವಾಗ ಅದು ಮುಚ್ಚಲು ಒಪ್ಪುವುದಿಲ್ಲ. ಕ್ಲೋಸ್_ವಿ2 ಒಪ್ಪಿದಂತೆ ನಟಿಸುತ್ತದೆ: ಕನೆಕ್ಷನ್ನನ್ನು ‘ಜಾಂಬಿ’ ಎಂದು ಗುರುತು ಮಾಡಿ, ಕೊನೆಯ ಸ್ಟೇಟ್‌ಮೆಂಟ್ ಫೈನಲೈಸ್ ಆದಾಗ ಮುಚ್ಚಿಕೊಳ್ಳುವಂತೆ ಬಿಟ್ಟುಬಿಡುತ್ತದೆ. ವಸ್ತುಗಳು ಯಾವ ಕ್ರಮದಲ್ಲಿ ನಾಶವಾಗುತ್ತವೆ ಎಂದು ಹೇಳಲಾಗದ, ಗಾರ್ಬೇಜ್ ಕಲೆಕ್ಷನ್ ಇರುವ ಭಾಷೆಗಳಿಗಾಗಿ ಮಾಡಿದ ಏರ್ಪಾಡು ಅದು. ಸಿ ಭಾಷೆಯಲ್ಲಿ ಬರೆಯುವವರು ಬ್ಯುಸಿ ಎಂಬ ಉತ್ತರವನ್ನು ಅಡಗಿಸಲು ಅದನ್ನು ಬಳಸಿದರೆ ಹೀಗೆಯೇ ಆಗುವುದು. ನಿಮ್ಮ ಹಳೆಯ ಸ್ಟೇಟ್‌ಮೆಂಟ್ ಹಳೆಯ ಕನೆಕ್ಷನ್ನನ್ನು ಹಿಡಿದುಕೊಂಡಿದೆ, ಆ ಕನೆಕ್ಷನ್ ಬರೆಯುವ ಹಕ್ಕಿರುವ ಹಳೆಯ ಟಿಕೆಟ್ಟನ್ನು ಹಿಡಿದುಕೊಂಡಿದೆ.

ಕ್ಲೋಸ್‌ಗೇ ಮರಳಿ ಬನ್ನಿ. ಮುಚ್ಚುವ ಮೊದಲು ನೆಕ್ಸ್ಟ್_ಎಸ್‌ಟಿಎಂಟಿ ಫಂಕ್ಷನ್ನಿನಿಂದ ಉಳಿದಿರುವ ಸ್ಟೇಟ್‌ಮೆಂಟುಗಳನ್ನು ಒಂದೊಂದಾಗಿ ಪಡೆಯಿರಿ, ಪ್ರತಿಯೊಂದರ ಎಸ್‌ಕ್ಯೂಎಲ್ ಪಠ್ಯವನ್ನು ಲಾಗ್‌ಗೆ ಬರೆಸಿ, ಬಳಿಕ ಫೈನಲೈಸ್ ಮಾಡಿ, ಗ್ಲೋಬಲ್ ವೇರಿಯಬಲ್‌ಗೆ ನಲ್ ಹಾಕಿ. ಎಲ್ಲಿ ಬಿಟ್ಟುಹೋಗಿತ್ತು ಎಂಬುದು ಆ ಲಾಗ್‌ನಲ್ಲೇ ಸಿಗುತ್ತದೆ. ಕ್ಲೋಸ್ ‘ಓಕೆ’ ಎನ್ನದೆ ಸಿಎಚ್‌ಮಾಡ್‌ಗೆ ಹೋಗಲೇಬೇಡಿ.

ಬೀಗದಕೈ

ಇಷ್ಟೆಲ್ಲ ಹೆಣಗಾಟ ಯಾಕೆ? ಬೀಗವನ್ನು ಕಡತದ ಒಳಗೇ ಇಡಬಹುದು. ಎಸ್‌ಕ್ಯೂಲೈಟ್ ಕಡತದ ಮೊದಲ 100 ಬೈಟುಗಳು ಹೆಡರ್, ಅಂದರೆ ಕಡತದ ಸ್ವರೂಪದ ವಿವರಗಳಿರುವ ತಲೆಭಾಗ. ಸೊನ್ನೆಯಿಂದ ಎಣಿಸಿದರೆ 18ನೆಯ ಬೈಟ್ ಬರಹದ ಆವೃತ್ತಿ, 19ನೆಯದು ಓದುವ ಆವೃತ್ತಿ. ಸಾಮಾನ್ಯ ಜರ್ನಲ್ (ಬರಹ ಅರ್ಧಕ್ಕೆ ನಿಂತರೆ ಹಿಂದೆ ಸರಿಸಲು ಇಡುವ ದಾಖಲೆ) ಇರುವ ಕಡತದಲ್ಲಿ ಎರಡೂ 1, ವಾಲ್ ಮೋಡ್‌ನಲ್ಲಿ (ಹೊಸ ಬರಹ ಮೊದಲು ಪಕ್ಕದ ಕಡತಕ್ಕೆ ಹೋಗುವ ವಿಧಾನ) ಎರಡೂ 2. ಬರಹದ ಆವೃತ್ತಿ 2ಕ್ಕಿಂತ ಹೆಚ್ಚಿದ್ದು ಓದುವ ಆವೃತ್ತಿ 1 ಅಥವಾ 2 ಇದ್ದರೆ ಕಡತವನ್ನು ರೀಡ್‌ಓನ್ಲಿ ಎಂದೇ ಪರಿಗಣಿಸಬೇಕೆಂದು ಕಡತದ ಸ್ವರೂಪವನ್ನು ವಿವರಿಸುವ ಪುಟದಲ್ಲಿ ನಿಯಮವಿದೆ. 18ನೆಯ ಬೈಟನ್ನು 3 ಮಾಡಿ ನೋಡಿ. ಪೆನ್‌ಡ್ರೈವಿಗೆ ಹೋಗಲಿ, ಇನ್ನೊಂದು ಕಂಪ್ಯೂಟರಿಗೆ ಹೋಗಲಿ, ಬೀಗ ಕಡತದ ಜೊತೆಗೇ ಹೋಗುತ್ತದೆ. ನಾನು ಒಂದು ನಿಘಂಟಿನ ಕಡತಕ್ಕೆ ಹೀಗೆ ಮಾಡಿ ಹಂಚಿದ್ದೇನೆ, ಯಾವ ದೂರೂ ಬಂದಿಲ್ಲ.

ಕಡತಗಾಹಿ

ಜಾಣ್ಮೆಯ ಉಪಾಯ, ನಿಯಮವೂ ನೀವು ಹೇಳಿದಂತೆಯೇ ಇದೆ. ಆದರೆ ಹಾಲಿನ ಲೆಕ್ಕಕ್ಕೆ ಇದನ್ನು ನಾನು ಒಪ್ಪಲಾರೆ. ಆ ಬೈಟ್ ಇರುವುದು ಮುಂದೊಂದು ದಿನ ಕಡತದ ಸ್ವರೂಪ ಬದಲಾದರೆ ಹಳೆಯ ಆವೃತ್ತಿಯ ಲೈಬ್ರರಿಗಳು ಅದಕ್ಕೆ ಬರೆದು ಹಾಳುಮಾಡದಿರಲಿ ಎಂಬ ಉದ್ದೇಶಕ್ಕೆ. ನೀವು 3 ಎಂದು ಬರೆದರೆ, ಮುಂದೆ 3ಕ್ಕೆ ನಿಜವಾದ ಅರ್ಥ ಬಂದಾಗ ಆ ಕಾಲದ ಲೈಬ್ರರಿ ನಿಮ್ಮ ಕಡತವನ್ನು ಏನೆಂದು ತಿಳಿಯುತ್ತದೆ?

ಅದು ದೂರದ ಭಯವಾಯಿತು. ಹತ್ತಿರದ ಅಪಾಯ ಬೇರೆ ಇದೆ. ಈ ಬೈಟನ್ನು ಬದಲಿಸುವ ಕರೆ ಲೈಬ್ರರಿಯಲ್ಲಿ ಇಲ್ಲ, ಎಫ್‌ಓಪನ್‌ನಿಂದ ನೀವೇ ಕಡತ ತೆರೆದು ತಿದ್ದಬೇಕು. ಪೋಸಿಕ್ಸ್ ಲಾಕ್‌ಗಳಿಗೆ (ಇಬ್ಬರು ಒಮ್ಮೆಲೇ ಬರೆಯದಂತೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತಕ್ಕೆ ಹಾಕುವ ತಡೆಗಳಿಗೆ) ಒಂದು ಕುಖ್ಯಾತ ಗುಣವಿದೆ: ಒಂದೇ ಪ್ರೋಸೆಸ್ ಒಂದು ಕಡತವನ್ನು ಎರಡು ಸಲ ತೆರೆದಿದ್ದು, ಅವುಗಳಲ್ಲಿ ಯಾವುದಾದರೂ ಒಂದನ್ನು ಮುಚ್ಚಿದರೆ, ಆ ಕಡತದ ಮೇಲೆ ಆ ಪ್ರೋಸೆಸ್ ಹಿಡಿದಿದ್ದ ಎಲ್ಲ ಲಾಕ್‌ಗಳೂ ಬಿಟ್ಟುಹೋಗುತ್ತವೆ. ಅಂದರೆ ಎಸ್‌ಕ್ಯೂಲೈಟ್ ಕನೆಕ್ಷನ್ ತೆರೆದಿರುವಾಗ ನಿಮ್ಮ ಎಫ್‌ಕ್ಲೋಸ್ ಅದರ ಲಾಕನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ, ಎಸ್‌ಕ್ಯೂಲೈಟ್‌ಗೆ ಅದು ಗೊತ್ತೇ ಆಗುವುದಿಲ್ಲ, ಅದೇ ಹೊತ್ತಿಗೆ ಇನ್ನೊಂದು ಪ್ರೋಸೆಸ್ ಬರೆಯಲು ಬಂದರೆ ಕಡತ ಕೆಡುತ್ತದೆ. ಲೈಬ್ರರಿಯ ತಂಡವೇ ಪ್ರಕಟಿಸಿರುವ, ಡೇಟಾಬೇಸ್ ಕೆಡುವ ಬಗೆಗಳ ಪಟ್ಟಿಯಲ್ಲಿ ಇದೂ ಒಂದು. ಸಿಎಚ್‌ಮಾಡ್ ಕಡತವನ್ನು ತೆರೆಯದೆ ಹೆಸರಿನ ಮೇಲೆಯೇ ಕೆಲಸ ಮಾಡುವುದರಿಂದ ಈ ಅಪಾಯ ಅದಕ್ಕಿಲ್ಲ.

ಬೀಗದಕೈ

ಲಾಕ್‌ನ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ನಾನು ಬೈಟನ್ನು ಬದಲಿಸಿದ್ದು ಬೇರೆ ಪ್ರೋಗ್ರಾಂನಿಂದ, ಕಡತವನ್ನು ಬೇರಾರೂ ತೆರೆದಿಲ್ಲದಿರುವಾಗ. ಒಮ್ಮೆ ಹಂಚಿ ಮರೆತುಬಿಡುವ ನಿಘಂಟಿಗೆ ನಡೆಯುತ್ತದೆ, ಹಾಕಿ ತೆಗೆಯುವ ಬೀಗಕ್ಕೆ ಸಲ್ಲದು ಎಂದು ತಿದ್ದಿಕೊಳ್ಳುತ್ತೇನೆ.

ಖಾತೆಪುಸ್ತಕ

ನಾನು ಪ್ರೋಗ್ರಾಮರ್‌ಗಿಂತ ಹೆಚ್ಚಾಗಿ ಲೆಕ್ಕದವನು, ಹಾಗಾಗಿ ಬೇರೆ ದಿಕ್ಕಿನಿಂದ ಒಂದು ಮಾತು. ಈ ಬೀಗ ಯಾರ ವಿರುದ್ಧ ಎಂಬುದನ್ನು ಇಲ್ಲಿ ಯಾರೂ ಕೇಳಿಲ್ಲ. ಕಡತದ ಒಡೆತನ ಯಾವ ಬಳಕೆದಾರರ ಹೆಸರಿನಲ್ಲಿದೆಯೋ ಅವರೇ ಪ್ರೋಗ್ರಾಂ ನಡೆಸುತ್ತಿದ್ದರೆ 0444 ಎಂಬುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ನಡೆಸುತ್ತಿದ್ದರಂತೂ ಆ ಅನುಮತಿಯನ್ನು ವ್ಯವಸ್ಥೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮಲ್ಲಿ ಪೂರ್ತಿ ವರ್ಷ ಮುಚ್ಚುವುದಕ್ಕಿಂತ ತಿಂಗಳು ಮುಚ್ಚುವುದೇ ಹೆಚ್ಚು. ಮಾರ್ಚ್ ನಡೆಯುತ್ತಿರುವಾಗ ಫೆಬ್ರುವರಿ ಮುಚ್ಚಿರಬೇಕು, ಎರಡೂ ಒಂದೇ ಕಡತದಲ್ಲಿವೆ. ಅಲ್ಲಿ ಸಿಎಚ್‌ಮಾಡ್‌ನಿಂದ ಏನೂ ಆಗದು. ಮುಚ್ಚಿದ ಅವಧಿಗಳ ಒಂದು ಕೋಷ್ಟಕ ಇಟ್ಟು, ಮುಖ್ಯ ಕೋಷ್ಟಕದ ಮೇಲೆ ಬಿಫೋರ್ ಟ್ರಿಗರ್‌ಗಳನ್ನು (ಸಾಲು ಬದಲಾಗುವ ಮೊದಲು ತಾವೇ ಓಡುವ ನಿಯಮಗಳನ್ನು) ಬರೆದಿದ್ದೇವೆ. ದಾಖಲೆಯ ದಿನಾಂಕ ಮುಚ್ಚಿದ ಅವಧಿಯೊಳಗೆ ಬಿದ್ದರೆ ‘ರೈಸ್’ ಫಂಕ್ಷನ್ನಿನ ಅಬಾರ್ಟ್ ಮೂಲಕ ‘ಈ ತಿಂಗಳ ಲೆಕ್ಕ ಮುಚ್ಚಿದೆ’ ಎಂಬ ಕನ್ನಡ ಸಂದೇಶವೇ ಪರದೆಗೆ ಬರುತ್ತದೆ. ದೋಷದ ಸಂಖ್ಯೆ 19, ವಿಸ್ತೃತ ಸಂಖ್ಯೆ 1811, ಆದ್ದರಿಂದ ಸಿ ಕಡೆಯಲ್ಲಿ ಅದನ್ನು ರೀಡ್‌ಓನ್ಲಿ ದೋಷದಿಂದ ಬೇರೆಯಾಗಿ ಗುರುತಿಸಬಹುದು. ಟ್ರಿಗರ್‌ಗಳು ಸ್ಕೀಮಾದ ಭಾಗವಾದ್ದರಿಂದ ಕಡತ ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತವೆ.

ಒಂದು ಪೆಟ್ಟು ತಿಂದು ಕಲಿತದ್ದನ್ನೂ ಹೇಳುತ್ತೇನೆ. ನಾವು ಆರಂಭದಲ್ಲಿ ಅಪ್‌ಡೇಟ್ ಮತ್ತು ಡಿಲೀಟ್‌ಗೆ ಮಾತ್ರ ಟ್ರಿಗರ್ ಬರೆದು ನೆಮ್ಮದಿಯಿಂದ ಇದ್ದೆವು. ಯಾರೋ ‘ಇನ್ಸರ್ಟ್ ಆರ್ ರಿಪ್ಲೇಸ್’ ಬಳಸಿದ ಕಡೆ ಮುಚ್ಚಿದ ತಿಂಗಳ ದಾಖಲೆ ಬದಲಾಗಿಬಿಟ್ಟಿತು. ರಿಪ್ಲೇಸ್ ಹಳೆಯ ಸಾಲನ್ನು ಅಳಿಸಿ ಹೊಸದನ್ನು ಸೇರಿಸುತ್ತದೆ, ಆದರೆ ಹಾಗೆ ಅಳಿಸುವಾಗ ಡಿಲೀಟ್ ಟ್ರಿಗರ್ ಓಡಬೇಕಾದರೆ ‘ರಿಕರ್ಸಿವ್_ಟ್ರಿಗರ್ಸ್’ ಎಂಬ ಪ್ರಾಗ್ಮಾ ಆನ್ ಇರಬೇಕು, ಅದು ಸಹಜವಾಗಿ ಆಫ್ ಇರುತ್ತದೆ. ಆದ್ದರಿಂದ ಇನ್ಸರ್ಟ್ ಟ್ರಿಗರ್ ಬೇಕೇ ಬೇಕು. ಅದು ಹೊಸ ಸಾಲಿನ ದಿನಾಂಕವನ್ನು ನೋಡಿದರೆ ಸಾಲದು, ಅದೇ ಕ್ರಮಸಂಖ್ಯೆಯ ಹಳೆಯ ಸಾಲು ಮುಚ್ಚಿದ ತಿಂಗಳಿಗೆ ಸೇರಿದೆಯೇ ಎಂಬುದನ್ನೂ ನೋಡಬೇಕು.

ನದಿಮೂಲ

ಟ್ರಿಗರ್ ಚೆನ್ನಾಗಿದೆ, ಆದರೆ ಕಮಾಂಡ್ ಲೈನ್ ಗೊತ್ತಿರುವ ಯಾರೇ ಆದರೂ ‘ಡ್ರಾಪ್ ಟ್ರಿಗರ್’ ಎಂದರೆ ಮುಗಿಯಿತಲ್ಲ?

ಖಾತೆಪುಸ್ತಕ

ಹೌದು, ಮುಗಿಯಿತು. ತಪ್ಪನ್ನು ತಡೆಯಲು ಟ್ರಿಗರ್, ಕಳ್ಳನನ್ನು ತಡೆಯಲು ಬೇರೆ ಬಳಕೆದಾರರ ಖಾತೆ. ಮುಚ್ಚಿದ ಕಡತಗಳ ಒಡೆತನವನ್ನೂ ಅವು ಇರುವ ಫೋಲ್ಡರಿನ ಒಡೆತನವನ್ನೂ ಬೇರೊಂದು ಖಾತೆಗೆ ಕೊಟ್ಟು, ಪ್ರೋಗ್ರಾಂ ನಡೆಸುವ ಖಾತೆಗೆ ಓದುವ ಅನುಮತಿಯನ್ನಷ್ಟೇ ಕೊಡಿ. ಫೋಲ್ಡರಿಗೆ ಬರೆಯುವ ಅನುಮತಿ ಉಳಿಸಿದರೆ ಕಡತವನ್ನು ತೆಗೆದು ಅದೇ ಹೆಸರಿನ ಬೇರೆ ಕಡತ ಇಡಬಹುದು ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಕಡತಗಾಹಿ

ಅವಧಿಯ ಬೀಗದ ವಿಷಯದಲ್ಲಿ ಖಾತೆಪುಸ್ತಕದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಈಗ ಮೂಲ ಪ್ರಶ್ನೆಯ ‘ಮುಚ್ಚದೆಯೇ’ ಎಂಬ ಪದಕ್ಕೆ ಮರಳುತ್ತೇನೆ, ಏಕೆಂದರೆ ಅದಕ್ಕೆ ಒಂದು ಚಂದದ ದಾರಿ ಇದೆ, ಮೊದಲ ಉತ್ತರದಲ್ಲೇ ಹೇಳಬೇಕಿತ್ತು.

ನಿಮ್ಮಲ್ಲಿ ವರ್ಷಕ್ಕೊಂದು ಕಡತ ಇದೆ. ನಡೆಯುತ್ತಿರುವ ವರ್ಷದ ಕಡತವನ್ನು ಮುಖ್ಯ ಕನೆಕ್ಷನ್ನಾಗಿ ರೀಡ್‌ರೈಟ್ ಮತ್ತು ಯುಆರ್‌ಐ (ಕಡತದ ಹೆಸರನ್ನು ವಿಳಾಸದ ರೂಪದಲ್ಲಿ ಕೊಡುವ ರೀತಿ) ಫ್ಲ್ಯಾಗ್‌ಗಳೊಂದಿಗೆ ತೆರೆಯಿರಿ. ಹಳೆಯ ವರ್ಷಗಳನ್ನು ‘ಅಟ್ಯಾಚ್’ ಆಜ್ಞೆಯಿಂದ ಸೇರಿಸಿಕೊಳ್ಳಿ, ಕಡತದ ಹೆಸರನ್ನು ‘ಫೈಲ್:’ ಎಂದು ಆರಂಭವಾಗುವ ಯುಆರ್‌ಐ ರೂಪದಲ್ಲಿ ಕೊಟ್ಟು ಕೊನೆಗೆ ‘?ಮೋಡ್=ಆರ್‌ಒ’ ಎಂದು ಸೇರಿಸಿ. ಆಗ ಹಳೆಯ ವರ್ಷ ರೀಡ್‌ಓನ್ಲಿ, ಈ ವರ್ಷ ಬರೆಯಬಹುದಾದದ್ದು, ಎರಡನ್ನೂ ಒಂದೇ ಸೆಲೆಕ್ಟ್‌ನಲ್ಲಿ ಜೋಡಿಸಿ ಹೋಲಿಸಬಹುದು. ತಿದ್ದುಪಡಿ ಬಂದಾಗ ಆ ಒಂದು ವರ್ಷವನ್ನು ‘ಡಿಟ್ಯಾಚ್’ ಮಾಡಿ, ‘ಮೋಡ್=ಆರ್‌ಡಬ್ಲ್ಯೂ’ ಎಂದು ಮತ್ತೆ ಅಟ್ಯಾಚ್ ಮಾಡಿ, ಕೆಲಸ ಮುಗಿದ ಮೇಲೆ ಮೊದಲಿನಂತೆ ಮಾಡಿ. ಮುಖ್ಯ ಕನೆಕ್ಷನ್ ಅಲ್ಲಾಡುವುದೇ ಇಲ್ಲ. ಡಿಬಿ_ರೀಡ್‌ಓನ್ಲಿಗೆ ‘ಮೇನ್’ ಬದಲು ಅಟ್ಯಾಚ್ ಮಾಡಿದ ಹೆಸರು ಕೊಟ್ಟರೆ ಆಯಾ ವರ್ಷದ ಸ್ಥಿತಿ ಬೇರೆ ಬೇರೆಯಾಗಿ ತಿಳಿಯುತ್ತದೆ.

ಮಿತಿಗಳಿವೆ. ಡಿಟ್ಯಾಚ್ ಮಾಡಬೇಕಾದ ಕಡತವನ್ನು ಒಳಗೊಂಡ ಟ್ರಾನ್ಸಾಕ್ಷನ್ ನಡುವೆ ಡಿಟ್ಯಾಚ್ ಆಗುವುದಿಲ್ಲ, ಆ ಕಡತವನ್ನು ಯಾವುದಾದರೂ ಸ್ಟೇಟ್‌ಮೆಂಟ್ ಅರ್ಧ ಓದಿ ನಿಂತಿದ್ದರೂ ಆಗುವುದಿಲ್ಲ. ಒಮ್ಮೆಗೆ ಅಟ್ಯಾಚ್ ಮಾಡಬಹುದಾದ ಕಡತಗಳು ಸಹಜ ಸ್ಥಿತಿಯಲ್ಲಿ 10, ಲೈಬ್ರರಿಯನ್ನು ಬೇರೆ ಆಯ್ಕೆಯೊಂದಿಗೆ ಕಂಪೈಲ್ ಮಾಡಿದರೆ 125ರವರೆಗೆ. ಮುಖ್ಯ ಕನೆಕ್ಷನ್ನೇ ರೀಡ್‌ಓನ್ಲಿ ಫ್ಲ್ಯಾಗಿನಿಂದ ತೆರೆದಿದ್ದರೆ ಅಟ್ಯಾಚ್ ಮಾಡುವಾಗ ಆರ್‌ಡಬ್ಲ್ಯೂ ಕೇಳಲು ಅವಕಾಶವಿಲ್ಲ, ಕೇಳಿದರೆ ದೋಷ ಬರುತ್ತದೆ. ಯುಆರ್‌ಐ ಫ್ಲ್ಯಾಗ್ ಮರೆತರೆ, ಲೈಬ್ರರಿಯಲ್ಲಿ ಬೇರೆ ರೀತಿಯಿಂದ ಅದನ್ನು ಆನ್ ಮಾಡಿರದಿದ್ದಲ್ಲಿ, ‘ಫೈಲ್:’ ಇಂದ ಆರಂಭವಾಗುವ ಆ ಇಡೀ ಸಾಲೇ ಕಡತದ ಹೆಸರೆಂದು ಭಾವಿಸಲ್ಪಡುತ್ತದೆ. ನನ್ನ ಫೋಲ್ಡರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳ ಖಾಲಿ ಕಡತವೊಂದು ಹುಟ್ಟಿಕೊಂಡದ್ದು ಕ್ರಿಯೇಟ್ ಫ್ಲ್ಯಾಗ್ ಇದ್ದು ಯುಆರ್‌ಐ ಫ್ಲ್ಯಾಗ್ ಇಲ್ಲದ ಒಂದು ಮಧ್ಯಾಹ್ನ.

ಹಾಲುಲೆಕ್ಕ

ಅಟ್ಯಾಚ್ ದಾರಿಯನ್ನು ಅಳವಡಿಸಿದೆ, ಗ್ಲೋಬಲ್ ಸ್ಟೇಟ್‌ಮೆಂಟಿನ ಊಹೆಯೂ ನೂರಕ್ಕೆ ನೂರು ನಿಜವಾಗಿತ್ತು. ನೆಕ್ಸ್ಟ್_ಎಸ್‌ಟಿಎಂಟಿಯ ಲಾಗ್‌ನಲ್ಲಿ ಎರಡು ಇನ್ಸರ್ಟ್ ಮತ್ತು ನಾನು ಮರೆತೇಹೋಗಿದ್ದ ಒಂದು ಸೆಲೆಕ್ಟ್ ಸಿಕ್ಕವು.

ಈಗ ಕೊನೆಯ ಸಂಕಟ. ಮುಚ್ಚಿದ ವರ್ಷದ ಕಡತವನ್ನು ಆಡಿಟರ್‌ಗಾಗಿ ಪೆನ್‌ಡ್ರೈವಿಗೆ ಹಾಕಿದೆ. ಅವರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವನ್ನು ರೀಡ್‌ಓನ್ಲಿಯಾಗಿ ಮೌಂಟ್ ಮಾಡುತ್ತಾರೆ. ಅಲ್ಲಿ ಓಪನ್_ವಿ2 ಯಶಸ್ವಿಯಾಗುತ್ತದೆ, ಆದರೆ ಮೊದಲ ಸೆಲೆಕ್ಟ್‌ಗೇ 14, ಡೇಟಾಬೇಸ್ ಕಡತವನ್ನು ತೆರೆಯಲಾಗಲಿಲ್ಲ ಎಂಬ ದೋಷ. ಎಲ್ಲೋ ಓದಿ ‘ಇಮ್ಯೂಟಬಲ್=1’ ಎಂದು ಯುಆರ್‌ಐಗೆ ಸೇರಿಸಿದೆ, ತೆರೆಯಿತು. ಆದರೆ ಮಾರ್ಚ್ ಕೊನೆಯ ದಿನಗಳ ಹಾಲು ಕಾಣುತ್ತಿಲ್ಲ! ಸಂಘದ ಕಂಪ್ಯೂಟರಿನಲ್ಲಿ ಎಲ್ಲವೂ ಇದೆ. ಕಾರ್ಯದರ್ಶಿಯವರು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾರೆ.

ಕಡತಗಾಹಿ

ವಾಲ್ ಮೋಡ್ ಆನ್ ಮಾಡಿದ್ದೀರಿ ಎಂದಾಯಿತು. ಗಾಬರಿ ಬೇಡ, ಹಾಲು ಎಲ್ಲೂ ಚೆಲ್ಲಿಲ್ಲ.

ವಾಲ್ ಮೋಡ್‌ನಲ್ಲಿ ಹೊಸ ದಾಖಲೆಗಳು ಮೊದಲು ಸೇರುವುದು ಮುಖ್ಯ ಕಡತಕ್ಕಲ್ಲ, ಪಕ್ಕದಲ್ಲಿರುವ, ಹೆಸರಿನ ಕೊನೆಗೆ ‘-ವಾಲ್’ ಎಂದಿರುವ ಕಡತಕ್ಕೆ. ಚೆಕ್‌ಪಾಯಿಂಟ್ ನಡೆದಾಗ ಮಾತ್ರ ಅವು ಮುಖ್ಯ ಕಡತಕ್ಕೆ ಇಳಿಯುತ್ತವೆ. ಪ್ರೋಗ್ರಾಂ ತೆರೆದಿರುವಾಗ ನೀವು ಮುಖ್ಯ ಕಡತವನ್ನಷ್ಟೇ ನಕಲು ಮಾಡಿದ್ದರಿಂದ ಕೊನೆಯ ದಿನಗಳು ಸಂಘದಲ್ಲೇ ಉಳಿದವು. ‘-ವಾಲ್’ ಕಡತವನ್ನು ಜೊತೆಗೆ ಒಯ್ದಿದ್ದರೂ ಇಮ್ಯೂಟಬಲ್ ಎಂದು ತೆರೆದಾಗ ಅದರತ್ತ ಲೈಬ್ರರಿ ತಿರುಗಿಯೂ ನೋಡುತ್ತಿರಲಿಲ್ಲ. ಆ ಪದದ ಅರ್ಥವೇ ‘ಇದು ಬದಲಾಗುವುದಿಲ್ಲವೆಂದು ನಾನು ಮಾತು ಕೊಡುತ್ತೇನೆ, ಲಾಕ್ ಬೇಡ, ಬದಲಾವಣೆ ಆಯಿತೇ ಎಂಬ ಪರಿಶೀಲನೆಯೂ ಬೇಡ’ ಎಂದು. ಮಾತು ತಪ್ಪಿ ಕಡತ ಬದಲಾದರೆ ತಪ್ಪು ಉತ್ತರ ಬರಬಹುದು, ಕಡತ ಕೆಟ್ಟಿದೆ ಎಂಬ ಸುಳ್ಳು ದೋಷವೂ ಬರಬಹುದು. ಹಾಗಾಗಿ ಮೋಡ್=ಆರ್‌ಒ ಮತ್ತು ಇಮ್ಯೂಟಬಲ್=1 ಎಂಬುವನ್ನು ಸಮಾನಾರ್ಥಕ ಎಂದು ಎಂದೂ ತಿಳಿಯಬೇಡಿ.

14 ಯಾಕೆ ಬಂತೆಂದರೆ, ವಾಲ್ ಮೋಡ್‌ನ ಗುರುತು ಹೆಡರಿನಲ್ಲೇ ಇರುತ್ತದೆ, ಬೀಗದಕೈಯವರು ಹೇಳಿದ ಅದೇ 18 ಮತ್ತು 19ನೆಯ ಬೈಟುಗಳಲ್ಲಿ. ಅಂತಹ ಕಡತವನ್ನು ಬರೀ ಓದಬೇಕಾದರೂ ‘-ವಾಲ್’ ಮತ್ತು ‘-ಎಸ್‌ಎಚ್‌ಎಂ’ ಎಂಬ ಎರಡು ಜೊತೆಗಾರ ಕಡತಗಳು ಬೇಕು. 2018ರ ಜನವರಿಯ 3.22.0 ಆವೃತ್ತಿಯಿಂದೀಚೆಗೆ ಅವು ಆಗಲೇ ಇದ್ದರೆ, ಅಥವಾ ಸೃಷ್ಟಿಸಲು ಸಾಧ್ಯವಿದ್ದರೆ, ಅಥವಾ ಇಮ್ಯೂಟಬಲ್ ಎಂದಿದ್ದರೆ ರೀಡ್‌ಓನ್ಲಿ ಕಡತ ತೆರೆಯುತ್ತದೆ. ರೀಡ್‌ಓನ್ಲಿ ಪೆನ್‌ಡ್ರೈವಿನಲ್ಲಿ ಅವು ಇಲ್ಲ, ಸೃಷ್ಟಿಸಲೂ ಆಗದು.

ಆದ್ದರಿಂದ ವರ್ಷ ಮುಚ್ಚುವ ಮೊದಲು ವಾಲ್ ಮೋಡ್‌ನಿಂದ ಹೊರಗೆ ಬನ್ನಿ. ‘ಪ್ರಾಗ್ಮಾ ಜರ್ನಲ್_ಮೋಡ್=ಡಿಲೀಟ್’ ಎಂದರೆ ಬಾಕಿ ಇರುವುದೆಲ್ಲ ಮುಖ್ಯ ಕಡತಕ್ಕೆ ಇಳಿದು, ಜೊತೆಗಾರ ಕಡತಗಳು ಅಳಿದು, ಹೆಡರ್ ಬದಲಾಗುತ್ತದೆ. ಬೇರೆ ಯಾವ ಕನೆಕ್ಷನ್ನೂ ಆ ಕಡತವನ್ನು ತೆರೆದಿರಬಾರದು, ತೆರೆದಿದ್ದರೆ ಮೋಡ್ ಬದಲಾಗುವುದಿಲ್ಲ. ಪ್ರಾಗ್ಮಾ ಒಂದು ಸಾಲಿನ ಫಲಿತಾಂಶ ಕೊಡುತ್ತದೆ, ಅದರಲ್ಲಿ ‘ಡಿಲೀಟ್’ ಎಂಬ ಪದವೇ ಇದೆಯೇ ಎಂದು ನೋಡಿ ಮುಂದುವರಿಯಿರಿ.

ಖಾತೆಪುಸ್ತಕ

ಇದಕ್ಕೆ ಸೇರಿಸಬೇಕಾದ ಒಂದು ಮಾತು. ಹಳ್ಳಿಯಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಬರೆಯುತ್ತಿರುವಾಗ ಕಂಪ್ಯೂಟರ್ ನಿಂತುಹೋಗಿ, ‘-ಜರ್ನಲ್’ ಕಡತ ಪಕ್ಕದಲ್ಲಿ ಉಳಿದು, ಆಮೇಲೆ ಯಾರಾದರೂ 0444 ಮಾಡಿದರೆ ಓದಲೂ ಆಗುವುದಿಲ್ಲ. ಅರ್ಧ ಬರೆದದ್ದನ್ನು ಹಿಂದೆ ಸರಿಸಲು ಲೈಬ್ರರಿ ಕಡತಕ್ಕೆ ಬರೆಯಬೇಕು, ನೀವು ಬಿಡುತ್ತಿಲ್ಲ. ಆಗಲೂ 8 ಎಂದೇ ಕಾಣುವುದರಿಂದ ಎಕ್ಸ್‌ಟೆಂಡೆಡ್_ಎರ್‌ಕೋಡ್ ಫಂಕ್ಷನ್ನನ್ನು ಕೇಳಿ. 776 ಬಂದರೆ ಹೀಗೆ ಹಿಂದೆ ಸರಿಯಲಾಗದ ಸ್ಥಿತಿ, 1544 ಬಂದರೆ ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲದ್ದರಿಂದ ಜರ್ನಲ್ ಸೃಷ್ಟಿಸಲಾಗದ ಸ್ಥಿತಿ. ಆ ‘-ಜರ್ನಲ್’ ಕಡತವನ್ನು ಕಸವೆಂದು ಅಳಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಅಳಿಸಬೇಡಿ. ಬರೆಯುವ ಅನುಮತಿ ಕೊಟ್ಟು ಒಮ್ಮೆ ತೆರೆದು ಓದಿದರೆ ಲೈಬ್ರರಿ ತಾನೇ ಸರಿಪಡಿಸಿಕೊಳ್ಳುತ್ತದೆ.

ಹಾಲುಲೆಕ್ಕ

ಎಲ್ಲರಿಗೂ ಋಣಿ. ‘ವರ್ಷ ಮುಚ್ಚು’ ಈಗ ಮಾಡುವುದು ಹೀಗೆ: ಆ ವರ್ಷದ ಸ್ಟೇಟ್‌ಮೆಂಟುಗಳನ್ನು ಫೈನಲೈಸ್ ಮಾಡಿ ಕಡತವನ್ನು ಡಿಟ್ಯಾಚ್ ಮಾಡುತ್ತದೆ, ಬೇರೆ ಕನೆಕ್ಷನ್ನಿನಲ್ಲಿ ಒಂಟಿಯಾಗಿ ತೆರೆದು ಜರ್ನಲ್ ಮೋಡನ್ನು ಡಿಲೀಟ್‌ಗೆ ತಂದು ಉತ್ತರವನ್ನು ಪರೀಕ್ಷಿಸುತ್ತದೆ, ಕಡತ ಕೆಟ್ಟಿಲ್ಲವೇ ಎಂದು ನೋಡುವ ‘ಇಂಟೆಗ್ರಿಟಿ_ಚೆಕ್’ ಓಡಿಸುತ್ತದೆ, ಕ್ಲೋಸ್ ‘ಓಕೆ’ ಎಂದ ಮೇಲಷ್ಟೇ 0444 ಮಾಡಿ, ಮೋಡ್=ಆರ್‌ಒ ಎಂದು ಮತ್ತೆ ಅಟ್ಯಾಚ್ ಮಾಡಿ, ಡಿಬಿ_ರೀಡ್‌ಓನ್ಲಿ 1 ಎಂದರೆ ಮಾತ್ರ ಪರದೆಯಲ್ಲಿ ಬೀಗದ ಚಿತ್ರ ತೋರಿಸುತ್ತದೆ. ಪೆನ್‌ಡ್ರೈವಿನ ನಕಲು ತೆಗೆಯುವುದು ಇದೆಲ್ಲ ಮುಗಿದ ಬಳಿಕ. ಹೊಸ ನಕಲಿನಲ್ಲಿ ಮಾರ್ಚ್ 31ರ ಸಂಜೆಯ ಹಾಲಿನವರೆಗೆ ಎಲ್ಲವೂ ಇದೆ, ಇಮ್ಯೂಟಬಲ್ ಇಲ್ಲದೆಯೇ ತೆರೆಯುತ್ತದೆ.

ಒಡೆತನವನ್ನು ಬೇರೆ ಖಾತೆಗೆ ಕೊಡುವ ಕೆಲಸ ಬಾಕಿ ಇದೆ. ಹಾಗೆ ಮಾಡಿದರೆ ಪ್ರೋಗ್ರಾಂನಿಂದಲೇ ಸಿಎಚ್‌ಮಾಡ್ ಮಾಡಲು ಆಗದು, ಬೀಗ ತೆಗೆಯುವುದನ್ನು ಸಣ್ಣದೊಂದು ಬೇರೆ ಪ್ರೋಗ್ರಾಂಗೆ ವಹಿಸಬೇಕಾಗುತ್ತದೆ. ಕಾರ್ಯದರ್ಶಿಯವರು ಎರಡನೆಯ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲು ಒಪ್ಪಿದ ದಿನ ಅದನ್ನು ಬರೆಯುತ್ತೇನೆ.